ಸೂಜಿ ಕಾಣದ ಪುಡಿ

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ಬೇರಿನ ಪುಡಿಯನ್ನು ಜರಡಿ ಹಿಡಿಯುವ ಕೆಲಸದಲ್ಲೇ ತಲೆ ನರೆತುಹೋದ ಒಬ್ಬ ಹೆಂಗಸು. ಹೇಳಿದ್ದು ಒಂದು ಚಳಿಗಾಲದ ಮಧ್ಯಾಹ್ನ. ಬೀಸುವ ಯಂತ್ರದ ಬೆಲ್ಟು ತುಂಡಾಗಿತ್ತು. ರಿಪೇರಿಯವನು ಕೆಲಸ ಮುಗಿಸುವವರೆಗೆ ಕೆಲಸದ ಹೆಂಗಸರೆಲ್ಲ ಗೋದಾಮಿನ ಮೆಟ್ಟಿಲ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು. ಇದೇ ಕಥೆಯನ್ನು ಆಮೇಲೆ ಒಬ್ಬ ಸೀಸೆ ವ್ಯಾಪಾರಿಯ ಬಾಯಿಂದಲೂ ಒಬ್ಬ ದರ್ಜಿಯ ಬಾಯಿಂದಲೂ ಕೇಳಿದ್ದೇನೆ. ಜರಡಿಯವಳು ಕಥೆ ನಡೆದ ಗಿರಣಿಯಲ್ಲೇ ಕೆಲಸ ಮಾಡಿದವಳಾದ್ದರಿಂದ ಅವಳ ಪಾಠವನ್ನೇ ಮುಖ್ಯವಾಗಿ ಇಟ್ಟುಕೊಂಡು, ಉಳಿದಿಬ್ಬರು ಬೇರೆ ಹೇಳುವಲ್ಲಿ ಅದನ್ನು ಸೂಚಿಸಿದ್ದೇನೆ.

"ಕಥೆ ಅಂತ ಕೇಳಿ. ಆಮೇಲೆ ನಿಜಾನಾ ನಿಜಾನಾ ಅಂತ ನನ್ನ ಜೀವ ತಿನ್ನಬೇಡಿ," ಎಂದು ಅವಳು ಶುರು ಮಾಡಿದಳು.

ಒಂದು ಪೇಟೆಯಲ್ಲಿ ಉಸಿರುಬೇರಿನ ಪುಡಿ ಮಾಡುವ ಗಿರಣಿಯಿತ್ತು. ಉಬ್ಬಸದವರು, ಹಳೆಯ ಕೆಮ್ಮಿನವರು ಬೆಳಿಗ್ಗೆ ಬಿಸಿನೀರಿನಲ್ಲಿ ಕದಡಿ ಕುಡಿಯುವ ಪುಡಿ ಅದು. ಗಿರಣಿಯ ಬಾಗಿಲ ಪಕ್ಕ ಒಂದು ಕಲ್ಲಿನ ತೊಟ್ಟಿಯಲ್ಲಿ ಉಸಿರುಬೇರಿನ ಗಿಡವೊಂದನ್ನು ಅಜ್ಜನ ಕಾಲದಲ್ಲೇ ನೆಟ್ಟಿದ್ದರು. ಬೋರ್ಡಿನ ಮೇಲೂ ಅದರದೇ ಎಲೆಯ ಚಿತ್ರ. ಅದು ಬಂದವರಿಗೆ ತೋರಿಸುವ ಗಿಡವೇ ಹೊರತು ಔಷಧಿಗಲ್ಲ. ಅದರ ಬುಡಕ್ಕೆ ಯಾರೂ ಕೈ ಹಾಕಿದವರಲ್ಲ.

ಗಿರಣಿಗೆ ಅಂಟಿಕೊಂಡ ಮನೆಯಲ್ಲಿ ನಾಲ್ವರು: ಗಿರಣಿಯ ಯಜಮಾನ, ಅಂಗಡಿಗಳಿಗೆ ಪುಡಿ ತಲುಪಿಸುವ ಅವನ ಮಗ, ಮಗನ ಹೆಂಡತಿ, ಮತ್ತು ಮದುವೆಯಾಗದ ಮಗಳು. ಈ ಮಗಳು ಬೇರೆ ಊರಿನಲ್ಲಿ ಔಷಧಿಗಳ ವಿದ್ಯೆ ಓದಿ, ಒಂದು ಸೂಕ್ಷ್ಮದರ್ಶಕವನ್ನು ಹೊತ್ತುಕೊಂಡು ಮನೆಗೆ ಮರಳಿದವಳು. ಗಿರಣಿಯವರು ಅದನ್ನು ಗಾಜು ಎಂದೇ ಕರೆಯುತ್ತಿದ್ದರು, ಅವಳನ್ನು ಗಾಜಿನಕ್ಕ ಎಂದು.

ಅವಳ ಮೇಜು ಮುಂದಿನ ಕೋಣೆಯ ಕಿಟಕಿಯ ಕೆಳಗಿತ್ತು. ಗಾಜಿನ ಬುಡದ ಪುಟ್ಟ ಕನ್ನಡಿಯನ್ನು ಆಕಾಶದ ಕಡೆ ತಿರುಗಿಸಿ ಬೆಳಕು ಹಿಡಿಯುತ್ತಿದ್ದಳು. ಸ್ಲೈಡಿನ ಮೇಲೆ ಒಂದು ಹನಿ ನೀರು, ಅದರಲ್ಲಿ ಸೂಜಿಮೊನೆಯಷ್ಟು ಪುಡಿ, ಮೇಲೆ ತೆಳುಗಾಜಿನ ಚೂರು. ಒಂದು ಕಣ್ಣಿನಿಂದ ನೋಡುತ್ತ ಇನ್ನೊಂದು ಕಣ್ಣನ್ನು ತೆರೆದೇ ಇಟ್ಟು ಪಕ್ಕದ ಕಾಗದದ ಮೇಲೆ ಚಿತ್ರ ಬರೆಯುತ್ತಿದ್ದಳು. ಅಯೋಡಿನ್ ಬಿಟ್ಟರೆ ನೀಲಿಗಟ್ಟುವ ಪಿಷ್ಟದ ಕಣಗಳು, ಮುರಿದ ಬಳೆಚೂರಿನಂಥ ನಾಳಗಳು, ನಕ್ಷತ್ರದಂತೆ ಮುಳ್ಳೆದ್ದ ಹರಳುಗಳು, ಮತ್ತು ಕಂತೆ ಕಟ್ಟಿಟ್ಟಂತೆ ಒತ್ತಾಗಿ ಮಲಗಿದ ನೀಳ ಸೂಜಿಹರಳುಗಳು. ಆ ಬೇರಿನ ಒಳರೂಪ ಅಚ್ಚಾದ ಯಾವ ಪುಸ್ತಕದಲ್ಲೂ ಇರಲಿಲ್ಲ. ಆದ್ದರಿಂದ ಅವಳಿಗೆ ಇದ್ದ ಪ್ರಮಾಣ ಒಂದೇ: ಅಜ್ಜನ ಸೀಸೆ.

ಅಜ್ಜ ತಾನೇ ಅಗೆದು, ತಾನೇ ಒಣಗಿಸಿ, ತಾನೇ ಕುಟ್ಟಿ, ಬಾಯಿಗೆ ಮೇಣ ಹಾಕಿ ಇಟ್ಟಿದ್ದನೆಂದು ಹೇಳುವ ಪುಡಿ ಅದರಲ್ಲಿತ್ತು. ಬೇರು ಹೋಳಾದಾಗ ಒಂದು ಥರ ಕಾಣುತ್ತದೆ, ಪುಡಿಯಾದಾಗ ಇನ್ನೊಂದು ಥರ. ಆದ್ದರಿಂದ ಪುಡಿಯನ್ನು ಪುಡಿಯ ಪಕ್ಕದಲ್ಲೇ ಇಟ್ಟು ನೋಡಬೇಕೆಂಬುದು ಆ ಮನೆಯ ಪದ್ಧತಿ. ಬೇರು ಬಂದಿಳಿಯುತ್ತಿದ್ದುದು ಹಿಂಬಾಗಿಲಿಗೆ, ಅದನ್ನು ಬೀಸುತ್ತಿದ್ದವನು ಯಜಮಾನನೇ. "ನಿನ್ನ ಕಣ್ಣೇ ಈ ಗಿರಣಿಯ ಬಂಡವಾಳ. ಹಿಂದಿನ ಧೂಳಿಗೆ ಬರಬೇಡ," ಎಂದು ಮಗಳಿಗೆ ಹೇಳಿದ್ದ. ಅವಳು ಹೋಗುತ್ತಿರಲಿಲ್ಲ.

ಇಲ್ಲಿ ಮೆಟ್ಟಿಲ ಮೇಲಿದ್ದ ಒಬ್ಬ ಎಳೆಯ ಹೆಂಗಸು ಜರಡಿಯವಳನ್ನು ತಡೆದಳು. "ನೀನು ಹಿಂದೇನೇ ಇದ್ದೆಯಲ್ಲ ಅತ್ತೆ, ನಿನಗೆ ಏನೂ ಕಾಣಲಿಲ್ವಾ?"

"ನನ್ನ ಜರಡಿಗೆ ಬರೋ ಹೊತ್ತಿಗೆ ಎಲ್ಲಾ ಪುಡಿ ಕಣೇ. ಪುಡಿಗೆ ಅಪ್ಪ ಯಾರು, ಅಮ್ಮ ಯಾರು ಅಂತ ಮುಖ ನೋಡಿ ಹೇಳೋಕಾಗುತ್ತಾ?"

ಗಾಜಿನಕ್ಕ ನೋಡಿ ಒತ್ತಿದ ಎಲೆಯ ಮುದ್ರೆ ಬಿದ್ದ ಪೊಟ್ಟಣ ಎಂದರೆ ಪೇಟೆಗೆ ಎರಡನೆಯ ಮಾತಿರಲಿಲ್ಲ. ಹೊರಗಿನ ಸಣ್ಣಪುಟ್ಟ ಕುಟ್ಟುವವರೂ ತಮ್ಮ ಪುಡಿಯನ್ನು ಅವಳ ಮುಂದೆ ತಂದಿಡುತ್ತಿದ್ದರು. ಅವಳು ಮೊದಲು ಹುಡುಕುತ್ತಿದ್ದುದು ಸೂಜಿಕಂತೆಗಳನ್ನು. ನಕ್ಷತ್ರಹರಳು ಬೇರೆ ಬೇರುಗಳಲ್ಲೂ ಇರಬಹುದು, ಸೂಜಿಯಿದ್ದರೆ ಮಾತ್ರ ಉಸಿರುಬೇರು ಎಂಬುದು ಅವಳ ನಿರ್ಣಯ. ಬೇರು ಅಗೆಯುವ ಮುದುಕಿಯೊಬ್ಬಳ ಪುಡಿಯನ್ನು ಹೀಗೇ ಹಿಂದಕ್ಕೆ ಕೊಟ್ಟಿದ್ದಳು.

"ಇದರಲ್ಲಿ ಸೂಜಿ ಇಲ್ಲಮ್ಮ."

"ಸೂಜಿ ಬೇಕಿದ್ರೆ ದರ್ಜಿ ಹತ್ರ ಹೋಗವ್ವ. ನಾನು ತಂದಿರೋದು ಬೇರು," ಎಂದು ಆ ಮುದುಕಿ ಗಂಟು ಎತ್ತಿಕೊಂಡು ಹೋದಳಂತೆ. ಕೋಣೆಯಲ್ಲಿದ್ದವರೆಲ್ಲ ನಕ್ಕಿದ್ದರು. ಗಾಜಿನಕ್ಕನೂ ನಕ್ಕಿದ್ದಳು.

ಹೀಗಿರುವಾಗ ಯಜಮಾನನಿಗೇ ಉಬ್ಬಸ ಅಂಟಿತು. ನಡುಮನೆಯ ಮಂಚ ಹಿಡಿದ, ಬೀಸುವ ಕೆಲಸ ಮಗನ ಕೈಗೆ ಬಂತು. ದಿನಾ ಬೆಳಿಗ್ಗೆ ಸೊಸೆ ಪುಟ್ಟ ಒರಳಿನಲ್ಲಿ ಬೇರು ಕುಟ್ಟಿ, ಬಿಸಿನೀರಿಗೆ ಹಾಕಿ ಕೊಡುತ್ತಿದ್ದಳು. ಗಿರಣಿಯ ಪುಡಿ ಮನೆ ತುಂಬ ಇರುವಾಗ ಬೇರೆ ಕುಟ್ಟುವುದೇಕೆ ಎಂದು ಯಾರೂ ಕೇಳಿರಲಿಲ್ಲ. ಮುದುಕರ ಹಟ ಎಂದುಕೊಂಡಿದ್ದರು. ಆ ಚಳಿಗಾಲದಲ್ಲಿ ಅವನ ಉಸಿರು ಇನ್ನಷ್ಟು ಬಿಗಿಯಿತು. ಪಕ್ಕದ ಕೋಣೆಗೂ ಅದರ ಸೀಟಿ ಕೇಳಿಸುತ್ತಿತ್ತು. ಒಂದು ದಿನ ಮಗಳು ತಂದೆಯ ಖಾಲಿ ಲೋಟ ಎತ್ತಿಡಲು ಹೋದವಳು ಒರಳನ್ನು ನೋಡಿದಳು. ತಳದಲ್ಲಿ ಅಂಟಿದ್ದ ಪುಡಿ ಗಿರಣಿಯ ಪುಡಿಗಿಂತ ಕೊಂಚ ಹಳದಿಯಾಗಿತ್ತು. ಬೆರಳಲ್ಲಿ ಒರೆಸಿಕೊಂಡು ತನ್ನ ಕಿಟಕಿಗೆ ಹೋದಳು.

ನಕ್ಷತ್ರಹರಳು ಇದ್ದವು. ನಾಳದ ಚೂರುಗಳಿದ್ದವು. ಸೂಜಿಯಿರಲಿಲ್ಲ. ಇನ್ನೊಂದು ಹನಿ, ಇನ್ನೊಂದು ಸ್ಲೈಡು. ಸ್ಲೈಡನ್ನು ಅಂಚಿನಿಂದ ಅಂಚಿಗೆ ಸಾಲುಸಾಲಾಗಿ ಸರಿಸಿ ನೋಡಿದಳು. ಅಜ್ಜನ ಸೀಸೆಯ ಪುಡಿಯನ್ನು ಪಕ್ಕದಲ್ಲಿಟ್ಟು ನೋಡಿದಳು. ಅದರಲ್ಲಿ ಎತ್ತ ನೋಡಿದರೂ ಸೂಜಿಯ ಕಂತೆಗಳೇ. ಅವಳು ಎದ್ದು ನಡುಮನೆಗೆ ಹೋದಳು.

ಅಡುಗೆಮನೆಯಿಂದ ಅತ್ತಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದಳು. ಅಣ್ಣ ಊಟಕ್ಕೆ ಕುಳಿತಿದ್ದ. ಮಂಚದ ಮೇಲೆ ತಂದೆ.

"ಅತ್ತಿಗೆ, ಅಪ್ಪನಿಗೆ ಬೆಳಿಗ್ಗೆ ಕುಟ್ಟಿ ಕೊಟ್ಟಿದ್ದು ಏನು?"

"ಉಸಿರುಬೇರು. ಇನ್ನೇನು ಕೊಡ್ತಾರೆ?"

"ಅದು ಉಸಿರುಬೇರಲ್ಲ. ನಾನು ನೋಡ್ದೆ."

"ಹಾಗಾದ್ರೆ ಏನಂತೆ, ಕುರ್ಚಿ ಕಾಲಂತಾ?" ಅತ್ತಿಗೆ ನಕ್ಕಳು. ಬೇರೆ ಯಾರೂ ನಗಲಿಲ್ಲ. ಆಗ ಅವಳಿಗೆ ಇದು ತಮಾಷೆಯಲ್ಲವೆಂದು ಹೊಳೆಯಿತು.

"ಎಲ್ಲಿಂದ ತಂದ್ರಿ ಅದನ್ನ?"

"ತರೋದೇನು? ಮಾವನ ಡಬ್ಬಿಯಿಂದ ತೆಗೆದಿದ್ದು. ಅವರೇ ಕೊಟ್ಟಿರೋ ಬೇರು. ಇದರಿಂದಲೇ ಕುಟ್ಟು, ಯಾರಿಗೂ ಹೇಳಬೇಡ ಅಂದ್ರು. ಹೇಳಿರಲಿಲ್ಲ. ಈಗ ನೀನು ಕೇಳ್ತಿದ್ದೀಯ, ಹೇಳ್ತಿದ್ದೀನಿ. ಮಾವ, ಹೇಳಿ ಅವಳಿಗೆ."

ಯಜಮಾನ ಕಣ್ಣು ತೆರೆದ. ಮಗಳನ್ನು ನೋಡಿದ, ತೆರೆದ ಬಾಗಿಲಾಚೆ ಕಿಟಕಿಯ ಕೆಳಗಿನ ಮೇಜನ್ನು ನೋಡಿದ, ಅಜ್ಜನ ಸೀಸೆಯನ್ನೂ ನೋಡಿದ. ಆಮೇಲೆ ಸೊಸೆಯ ಕಡೆ ತಿರುಗಿ ಕೇಳಿದ:

"ಯಾವ ಡಬ್ಬಿ?"

ಸೊಸೆ ಮಂಡಿಯೂರಿ ಮಂಚದ ಕೆಳಗೆ ಕೈಯಾಡಿಸಿದಳು. ಡಬ್ಬಿ ಅಲ್ಲಿರಲಿಲ್ಲ. ಎದ್ದು ನಿಂತು ಮಾವನ ಮುಖವನ್ನು ಬಹಳ ಹೊತ್ತು ನೋಡಿದಳು. ಅವನು ನೀರು ಕೇಳಿದ. ದಿನವೂ ನೀರು ಕೊಡುತ್ತಿದ್ದವಳು ಅವಳೇ. ಅಂದು ಅವಳು ಕದಲಲಿಲ್ಲ, ಮಗಳು ಕೊಟ್ಟಳು.

"ನೀವಾದ್ರೂ ಏನಾದ್ರೂ ಹೇಳಿ," ಎಂದು ಗಂಡನಿಗೆ ಅಂದಳು.

ಅವನು ತಟ್ಟೆಯಿಂದ ತಲೆಯೆತ್ತದೆ, "ಅವಳ ಗಾಜು ಸುಳ್ಳು ಹೇಳಲ್ಲ ಕಣೇ. ಇಡೀ ಪೇಟೆ ಅದನ್ನ ನಂಬಿ ಉಸಿರಾಡ್ತಿದೆ," ಎಂದ. ಅನ್ನ ಕಲಸುತ್ತ, "ಕೆಲವು ದಿನ ನಿನ್ನ ಅಕ್ಕನ ಮನೇಲಿ ಇದ್ದು ಬಾ. ಬಿಸಿ ಆರಲಿ," ಎಂದ.

"ನನ್ನನ್ನ ಹೊರಗೆ ಹಾಕ್ತಿರೋದು ನೀವಾ, ಗಾಜಾ?"

ಅವಳು ಒರಳನ್ನು ತೊಳೆದು ಬೋರಲು ಹಾಕಿ, ಒಂದು ಚೀಲ ಹಿಡಿದು ಹೋದಳು. ಅವಳು ಬೀದಿ ದಾಟುವಷ್ಟರಲ್ಲಿ ಸೊಸೆ ಮಾವನಿಗೆ ತಪ್ಪು ಬೇರು ಕೊಟ್ಟಳಂತೆ ಎಂದಿದ್ದ ಸುದ್ದಿ, ಪೇಟೆಯ ಆ ತುದಿ ಮುಟ್ಟುವ ಹೊತ್ತಿಗೆ ವಿಷ ಕೊಟ್ಟಳಂತೆ ಎಂದಾಗಿತ್ತು.

ಮಾರನೆಯ ದಿನದಿಂದ ತಂದೆಯ ಲೋಟ ಮಗಳ ಕೈಗೆ ಬಂತು. ಅಂದಂದಿನ ಗಿರಣಿಯ ಪುಡಿಯನ್ನು ಗಾಜಿನ ಕೆಳಗೆ ನೋಡಿ, ಸೂಜಿ ಕಂಡ ಮೇಲೆಯೇ ಕದಡುತ್ತಿದ್ದಳು.

"ಕುಡಿ ಅಪ್ಪ. ಇದು ನಾನೇ ನೋಡಿದ್ದು."

ಅವನು ಕುಡಿಯುತ್ತಿದ್ದ. ಗಂಟಲು ಕೆರೆದು ಕಣ್ಣಲ್ಲಿ ನೀರು ಬರುತ್ತಿತ್ತು. "ಖಾರ ಇದ್ರೇನೇ ಔಷಧಿ," ಎಂದು ಮಗಳು ಬೆನ್ನು ಸವರುತ್ತಿದ್ದಳು. ಆ ಪೇಟೆಯವರೆಲ್ಲರ ನಂಬಿಕೆಯೂ ಅದೇ: ಗಂಟಲು ಕೆರೆದರೆ ಪುಡಿ ಕೆಲಸ ಮಾಡುತ್ತಿದೆ ಎಂದು ಅರ್ಥ.

"ಬೇಡ ಅನ್ನೋಕೆ ಅವನ ಬಾಯಿ ಎಲ್ಲಿತ್ತು?" ಎಂದಳು ಜರಡಿಯವಳು. "ಯಾವ ಡಬ್ಬಿ ಅಂತ ಕೇಳಿ ಮುಗಿಸಿದ್ದನಲ್ಲ."

ಚಳಿ ಇಳಿದ ಮೇಲೆ ಒಂದು ಬೆಳಿಗ್ಗೆ ಮಗಳು ಹಾಸಿಗೆ ಬಿಸಿಲಿಗೆ ಹಾಕಲೆಂದು ತಂದೆಯನ್ನು ಕುರ್ಚಿಗೆ ಕೂರಿಸಿ, ಕಂಬಳಿ ಜಾಡಿಸಿದಳು. ಕಂಬಳಿಯ ಮಡಿಕೆಯೊಳಗಿಂದ ತಗಡಿನ ಡಬ್ಬಿಯೊಂದು ಜಾರಿ ನೆಲಕ್ಕೆ ಬಿತ್ತು. ಮುಚ್ಚಳ ಹಾರಿ, ಒಣ ಬೇರಿನ ತುಂಡುಗಳು ಚೆಲ್ಲಿದವು. ಕೆಲವು ತುಂಡುಗಳ ಮೇಲೆ ಹಲ್ಲಿನ ಗುರುತಿತ್ತು. ಕುಟ್ಟಿಕೊಡಲು ಯಾರೂ ಇಲ್ಲದೆ, ಮನೆ ಖಾಲಿಯಾದಾಗ ಅವನು ಅದನ್ನು ಅಗಿಯುತ್ತಿದ್ದ.

ಮಗಳು ತುಂಡುಗಳನ್ನು ಆರಿಸಿ ಡಬ್ಬಿಗೆ ತುಂಬಿದಳು. ಅಂದರೆ ಅತ್ತಿಗೆ ಡಬ್ಬಿಯ ವಿಷಯದಲ್ಲಿ ಸುಳ್ಳು ಹೇಳಿರಲಿಲ್ಲ. ಆದರೆ ಅದರೊಳಗಿನ ಬೇರು ಯಾವುದು? ಒಂದು ತುಂಡನ್ನು ಕುಟ್ಟಿ ನೋಡಿದಳು. ನಕ್ಷತ್ರ ಮಾತ್ರ, ಸೂಜಿಯಿಲ್ಲ. ಉಬ್ಬಸದ ಮನುಷ್ಯ, ಉಸಿರುಬೇರಿನ ಗಿರಣಿಯ ಒಡೆಯ, ಬೇರೆ ಯಾವುದೋ ಬೇರನ್ನು ಕದ್ದು ಅಗಿಯುವುದೇಕೆ? ಈ ಪ್ರಶ್ನೆ ಹಿಡಿದುಕೊಂಡು ಅವಳು ಗಿರಣಿಯ ಬಾಗಿಲಿಗೆ ಬಂದು ನಿಂತಳು. ಅಲ್ಲಿ, ದಿನವೂ ದಾಟಿ ಹೋಗುತ್ತಿದ್ದ ಕಲ್ಲಿನ ತೊಟ್ಟಿಯಲ್ಲಿ, ಬೋರ್ಡಿನ ಮೇಲಿನ ಎಲೆಗಳನ್ನೇ ಬಿಟ್ಟುಕೊಂಡು ಗಿಡ ನಿಂತಿತ್ತು.

ಅವಳು ಅಡುಗೆಮನೆಯ ಸೌಟು ತಂದು ಅಗೆದಳು. ಬೀದಿಯವರು ನೋಡುತ್ತಿದ್ದರು, ನೋಡಲಿ ಎಂದು ಬಿಟ್ಟಳು. ಬೇರನ್ನು ತೊಳೆದು, ಬಿಸಿ ತಗಡಿನ ಮೇಲೆ ಒಣಗಿಸಿ, ಅತ್ತಿಗೆ ತೊಳೆದಿಟ್ಟುಹೋಗಿದ್ದ ಒರಳಿನಲ್ಲೇ ಕುಟ್ಟಿದಳು. ಹನಿ ನೀರು, ಚಿಟಿಕೆ ಪುಡಿ, ತೆಳುಗಾಜು.

ನಕ್ಷತ್ರಗಳು. ಎತ್ತ ಸರಿಸಿದರೂ ನಕ್ಷತ್ರಗಳೇ. ಒಂದೇ ಒಂದು ಸೂಜಿಯಿರಲಿಲ್ಲ.

ಆಮೇಲೆ ಅವಳು ಎಂದೂ ಹೋಗದ ಹಿಂಬಾಗಿಲಿಗೆ ಹೋದಳು. ಬೀಸುವ ಯಂತ್ರದ ಹಿಂದೆ, ಕಸದ ರಾಶಿಯಲ್ಲಿ, ದಪ್ಪ ಸಿಪ್ಪೆಗಳು ಬಿದ್ದಿದ್ದವು. ಯಾರೂ ಬಿತ್ತದೆ ಹೊಲದ ಅಂಚಿನಲ್ಲಿ ತಾನೇ ಬೆಳೆಯುವ, ತಿಂದರೆ ಗಂಟಲು ಕೆರೆಯುವ, ದನವೂ ಮೂಸದ ಕಾಡುಗೆಡ್ಡೆಯ ಸಿಪ್ಪೆಗಳು. ಒಂದು ಚೂರನ್ನು ತಂದು ಗಾಜಿನ ಕೆಳಗಿಟ್ಟಳು. ಕಂತೆಕಂತೆ ಸೂಜಿಗಳು, ಅವಳು ಇಷ್ಟು ವರ್ಷ ಬರೆದು ಗೋಡೆಗೆ ಅಂಟಿಸಿದ್ದ ಚಿತ್ರದಲ್ಲಿದ್ದಂತೆಯೇ, ಮೊನೆಗೆ ಮೊನೆ ಸೇರಿಸಿ ಮಲಗಿದ್ದವು.

ಸೀಸೆ ವ್ಯಾಪಾರಿಯ ಪಾಠದಲ್ಲಿ ಅವಳು ಅಜ್ಜನ ಸೀಸೆಯನ್ನು ನೆಲಕ್ಕೆ ಅಪ್ಪಳಿಸಿ ಒಡೆಯುತ್ತಾಳೆ. ಜರಡಿಯವಳು ಇದನ್ನು ಒಪ್ಪುವುದಿಲ್ಲ. "ಒಡೆಯೋದು ಸುಲಭ. ಅವಳು ಅದನ್ನ ತಗೊಂಡು ಹೋಗಿ ಅಪ್ಪನ ತೊಡೆ ಮೇಲೆ ಇಟ್ಟಳು."

"ಅಪ್ಪ, ಇದನ್ನ ತುಂಬಿಸಿದ್ದು ಯಾರು?"

ಯಜಮಾನ ಬಹಳ ಹೊತ್ತು ಉಸಿರು ಕೂಡಿಸಿಕೊಂಡ. "ನೀನು ಓದೋಕೆ ಹೋಗಿದ್ದಾಗ," ಎಂದ. "ಒಳ್ಳೆ ಬೇರು ಸಿಗೋದು ಕಮ್ಮಿ ಆಗಿತ್ತು. ಅರ್ಧಕ್ಕರ್ಧ ಗೆಡ್ಡೆ ಹಾಕದೆ ಗಿರಣಿ ನಡೀತಿರಲಿಲ್ಲ. ನೀನು ಗಾಜು ತಗೊಂಡು ಬರ್ತಿದ್ದೀಯ ಅಂತ ಗೊತ್ತಾಯ್ತು."

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ನೀನು ಮುದ್ರೆ ಒತ್ತುತ್ತಿರಲಿಲ್ಲ. ಒತ್ತಿದ್ರೂ ಸುಳ್ಳು ಹೇಳ್ತಿದ್ದೀನಿ ಅಂತ ಗೊತ್ತಿದ್ದೇ ಒತ್ತಬೇಕಿತ್ತು. ನನ್ನ ಮಗಳ ಬಾಯಲ್ಲಿ ಸುಳ್ಳು ಬರೋದು ನನಗೆ ಬೇಕಿರಲಿಲ್ಲ ಪುಟ್ಟಿ. ಅದಕ್ಕೇ ಸೀಸೆ ಬದಲಾಯಿಸಿದೆ. ನೀನು ಒಂದು ದಿನಾನೂ ಸುಳ್ಳು ಹೇಳಿಲ್ಲ."

"ಆ ಬೇರು ಅಗೆಯೋ ಅಜ್ಜಿನ ನಾನು ಮೋಸಗಾರ್ತಿ ಥರ ವಾಪಸ್ ಕಳಿಸಿದೆ. ಅತ್ತಿಗೆಗೆ... ಅವರು ನಿನ್ನ ಮುಖ ನೋಡ್ತಾ ನಿಂತಿದ್ರು ಅಪ್ಪ. ಒಂದು ಮಾತು."

"ಆ ಒಂದು ಮಾತು ಆಡಿದ್ರೆ ಸೀಸೆ ಕಥೆ ಹೊರಗೆ ಬರ್ತಿತ್ತು. ನಿನ್ನ ಹೆಸರು ಹೋಗ್ತಿತ್ತು." ಸೀಸೆಯನ್ನು ತೊಡೆಯಿಂದ ಎತ್ತಿಡುತ್ತ ಅಂದ: "ಅವಳು ಹೊರಗಿಂದ ಬಂದವಳು."

ಅಲ್ಲಿಯವರೆಗೆ ಮಗಳಿಗೆ ಅಳು ಬರುವುದರಲ್ಲಿತ್ತಂತೆ. ಈ ಮಾತು ಕೇಳಿದ ಮೇಲೆ ಅದೂ ಒಣಗಿಹೋಯಿತು.

ಅತ್ತಿಗೆ ತನ್ನ ಅಕ್ಕನ ಮನೆಯ ಕೆಳಗಿನ ದರ್ಜಿ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಳು. ಅಂಗಡಿಯ ದರ್ಜಿಯೇ ಈ ಕಥೆಯ ನನ್ನ ಮೂರನೆಯ ಹೇಳುಗ. ಇಲ್ಲಿನ ಮಾತುಗಳನ್ನು ಅವನು ಯಂತ್ರ ನಿಲ್ಲಿಸಿ ಕೇಳಿದ್ದನಾದ್ದರಿಂದ ಅವನು ಹೇಳಿದಂತೆಯೇ ಕೊಡುತ್ತೇನೆ. ಗಾಜಿನಕ್ಕ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ತಗಡಿನ ಡಬ್ಬಿ.

"ಅತ್ತಿಗೆ, ಡಬ್ಬಿ ಸಿಕ್ತು. ಬೇರು ಸರಿಯಾದದ್ದೇ. ಸೀಸೆನೇ ಸುಳ್ಳು. ಅಪ್ಪ ಒಪ್ಪಿಕೊಂಡ. ನನ್ನದು ತಪ್ಪಾಯ್ತು."

ಅತ್ತಿಗೆ ಗುಂಡಿಯ ದಾರ ಹಲ್ಲಿನಲ್ಲಿ ಕಡಿದಳು. "ಕೂತ್ಕೋ. ಬಿಸಿಲಲ್ಲಿ ಬಂದಿದ್ದೀಯ."

"ಮನೆಗೆ ಬನ್ನಿ."

"ಈಗ ನಾನು ನಿನ್ನ ಗಾಜಲ್ಲಿ ಶುದ್ಧವಾಗಿ ಕಂಡೆನಾ?"

"ಹೌದು ಅತ್ತಿಗೆ."

"ಬೇರನ್ನ ಪುಡಿ ಮಾಡಿದ ಮೇಲೆ ಗುರುತು ಸಿಗಲ್ಲ, ಅದಕ್ಕೆ ಗಾಜು ಬೇಕು. ಸರಿ. ನಾನೇನು ಪುಡಿಯಾಗಿದ್ದೆನಾ? ಒಂದೇ ಮನೇಲಿ ಎದುರಾಬದುರಾ ಕೂತು ಉಂಡವರು ನಾವು. ನಿನಗೆ ಜ್ವರ ಬಂದಾಗ ನಿನ್ನ ತಲೆ ನನ್ನ ತೊಡೆ ಮೇಲಿತ್ತು. ಆಗೆಲ್ಲ ನಾನು ಯಾರು ಅಂತ ಕಾಣಲಿಲ್ಲ, ಅಲ್ವಾ?"

ನಾದಿನಿ ಡಬ್ಬಿಯ ಮುಚ್ಚಳ ಒತ್ತುತ್ತ, "ಅಣ್ಣನಿಗೆ ಏನು ಹೇಳಲಿ?" ಎಂದಳು.

"ಅಂಗಿ ಹೊಲಿಸೋದಿದ್ರೆ ಬರಲಿ ಅನ್ನು. ಅಳತೆ ತಗೋತೀವಿ."

ದರ್ಜಿಗೆ ನಗು ಬಂದು, ಅದನ್ನು ಕೆಮ್ಮಾಗಿ ಮಾಡಿಕೊಂಡನಂತೆ. ಅತ್ತಿಗೆ ಡಬ್ಬಿಯನ್ನು ಮಾತ್ರ ಇಸಿದುಕೊಂಡಳು. ಒಂದು ತುಂಡು ಮೂಸಿ ನೋಡಿ ಮುಚ್ಚಳ ಹಾಕಿ ಹಿಂದಕ್ಕೆ ಕೊಟ್ಟಳು. "ಸಣ್ಣಗೆ ಕುಟ್ಟು. ದಪ್ಪ ಇದ್ರೆ ಅವರಿಗೆ ಇಳಿಯಲ್ಲ," ಎಂದಳು. ಅವಳು ಆ ಮನೆಯ ಬಗ್ಗೆ ಆಡಿದ ಕೊನೆಯ ಮಾತು ಅದು.

ಗಾಜಿನಕ್ಕ ಮನೆಗೆ ಬಂದು ಅಜ್ಜನ ಸೀಸೆಯನ್ನು ತೊಳೆದು ಒಣಗಿಸಿ, ತೊಟ್ಟಿಯ ಗಿಡದ ಬೇರಿನ ಪುಡಿಯನ್ನು ಅದಕ್ಕೆ ತುಂಬಿದಳು. ಮಾರನೆಯ ದಿನ ಗಿರಣಿಯ ಹೊಸ ಪುಡಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿ, ಮುದ್ರೆ ಒತ್ತುವುದಿಲ್ಲ ಎಂದಳು. ಅಣ್ಣ ಜಗಳವಾಡಲಿಲ್ಲ. "ನಿನ್ನ ಗಾಜು ಸುಳ್ಳು ಹೇಳಲ್ಲ, ಒಪ್ಪಿದೆ. ಈಗ ಅದನ್ನ ಕೇಳಿದವರು ಯಾರು?" ಎಂದು ಮುದ್ರೆಯನ್ನು ತನ್ನ ಜೇಬಿಗೆ ಹಾಕಿಕೊಂಡ. ಹೆಂಡತಿಯನ್ನು ಕರೆಯಲು ಅವನು ಹೋಗಲೇ ಇಲ್ಲ. ಹೋದರೆ ಏಕೆ ಕಳಿಸಿದೆ ಎಂದು ಪೇಟೆಗೆ ಹೇಳಬೇಕಾಗುತ್ತಿತ್ತು.

ಗಾಜಿನಕ್ಕ ಬೇರು ಅಗೆಯುವ ಮುದುಕಿಯನ್ನು ಹುಡುಕಿ ಕರೆಸಿ, ಅಪ್ಪಟ ಬೇರನ್ನು ತಾನೇ ಕುಟ್ಟಿ, ಮನೆಯ ಹಿತ್ತಲಲ್ಲಿ ಕೊಡಲು ಶುರು ಮಾಡಿದಳು. ಜನ ಒಯ್ದರು, ಕೆಲವೇ ದಿನಗಳಲ್ಲಿ ಹಿಂದಕ್ಕೆ ತಂದರು. "ಇದು ಗಂಟಲು ಕೆರೆಯೋದೇ ಇಲ್ಲ ಗಾಜಿನಕ್ಕ. ಇದಕ್ಕೆ ಏನೋ ಬೆರೆಸಿದ್ದೀರಿ." ಅವಳು ಗೋಡೆಯ ಚಿತ್ರಗಳನ್ನು ತೋರಿಸಿ ವಿವರಿಸಿದಳು. ಅವರು ಅವಳಿಗೆ ನೋವಾಗದಂತೆ ತಲೆಯಾಡಿಸಿ, ಗಿರಣಿಯ ಮುಂದಿನ ಬಾಗಿಲಿಗೆ ಹೋಗಿ ಮುದ್ರೆಯ ಪೊಟ್ಟಣ ಕೊಂಡರು.

ಮುಂದಿನ ಚಳಿಗಾಲದಲ್ಲೇ ಯಜಮಾನ ತೀರಿಕೊಂಡನೆಂದು ಸೀಸೆ ವ್ಯಾಪಾರಿಯ ಪಾಠ. ಜರಡಿಯವಳು ತಲೆ ಕೊಡವಿದಳು. "ಎಲ್ಲಿ ಸಾಯ್ತಾನೆ? ಸಣ್ಣಗೆ ಕುಟ್ಟಿದ ಒಳ್ಳೆ ಬೇರು ದಿನಾ ಇಳೀತಿತ್ತಲ್ಲ. ಚೆನ್ನಾಗಿ ಬದುಕಿದ. ಮಗಳು ಲೋಟ ಕೊಡ್ತಿದ್ದಳು, ಮಾತಾಡ್ತಿರಲಿಲ್ಲ. ಈಗ ಅವಳು ಯಾವುದೋ ಶಾಲೆಯಲ್ಲಿ ಮಕ್ಕಳಿಗೆ ಈರುಳ್ಳಿ ಸಿಪ್ಪೆ ತೋರಿಸ್ತಾಳಂತೆ. ಅದಕ್ಕೆ ಯಾರೂ ಏನೂ ಬೆರೆಸಲ್ಲ."

ಮೆಟ್ಟಿಲ ಮೇಲೆ ಬಿಸಿಲು ಸರಿದು ಕೊನೆಯ ಕಲ್ಲಿಗೆ ಬಂದಿತ್ತು.

"ಕಥೆ ಅಂದಮೇಲೆ ಅತ್ತಿಗೆ ವಾಪಸ್ ಬರಬೇಕಿತ್ತು," ಎಂದಳು ಎಳೆಯವಳು.

"ನೀನಾಗಿದ್ರೆ ಬರ್ತಿದ್ದೆಯಾ?"

ಎಳೆಯವಳು ಯೋಚಿಸಿದಳು.

ಆಗ ರಿಪೇರಿಯವನು ಒಳಗಿನಿಂದ ಬಂದು, ಬೆಲ್ಟು ಇವತ್ತಿಗೆ ಆಗುವುದಿಲ್ಲ, ನಾಳೆ ಬನ್ನಿ ಎಂದ. ಹೆಂಗಸರು ಎದ್ದರು, ಮಡಿಲಲ್ಲಿ ಕೂತಿದ್ದ ಧೂಳು ಕೊಡವಿಕೊಂಡರು. ಕಥೆಯ ಉದ್ದಕ್ಕೂ ಒಂದು ಮೂಲೆಯಲ್ಲಿ ಕೆಮ್ಮುತ್ತ ಕುಳಿತಿದ್ದವಳೊಬ್ಬಳು ತನ್ನ ಚೀಲದಿಂದ ಒಂದು ಪೊಟ್ಟಣ ತೆಗೆದು ಜರಡಿಯವಳ ಮುಂದೆ ಹಿಡಿದಳು. ಅದರ ಮೇಲೆ ಎಲೆಯ ಚಿತ್ರದ ಮುದ್ರೆಯಿತ್ತು.

"ಗಂಟಲು ಕೆರೆಯುತ್ತಾ?" ಎಂದು ಜರಡಿಯವಳು ಕೇಳಿದಳು.

"ಕೆರೆಯುತ್ತೆ."

"ಹಾಗಾದ್ರೆ ಅದೇ."

ಕೆಮ್ಮಿನವಳು ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಎಸೆಯಲಿಲ್ಲ. ಮತ್ತೆ ಚೀಲದೊಳಕ್ಕೆ ಇಟ್ಟುಕೊಂಡು, ಎಲ್ಲರ ಜೊತೆ ಮೆಟ್ಟಿಲಿಳಿದು ಮನೆಗೆ ಹೋದಳು.